ಕಡ್ಡಿಯ ಗೀರು ತುಂಬಿದರೆ ಸಾಕು: ಮಲ ಪರೀಕ್ಷೆಯ ನನ್ನ ಅನುಭವ

ಮಲ ಪರೀಕ್ಷೆಯ ಕಿಟ್ ಮೂರು ವಾರ ಕಪಾಟಿನಲ್ಲೇ ಕೂತಿತ್ತು. ಅಸಹ್ಯ ಅಂತಲ್ಲ, ಏನು ಬರುತ್ತೋ ಅನ್ನುವ ಭಯ. ನನಗಾಗ 52. ಹೊಟ್ಟೆನೋವಿಲ್ಲ, ರಕ್ತ ಕಂಡಿರಲಿಲ್ಲ. ಕರುಳಿನ ಕ್ಯಾನ್ಸರಿನ ಸುಳಿವಿಗಾಗಿ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಹುಡುಕುವ, ಫಿಟ್ ಅನ್ನುವ ಈ ಪರೀಕ್ಷೆ ಇರುವುದೇ ಅಂಥವರಿಗೆ. ಕಣ್ಣಿಗೆ ರಕ್ತ ಕಾಣುತ್ತಿದ್ದರೆ, ಸುಮ್ಮಸುಮ್ಮನೆ ತೂಕ ಇಳಿಯುತ್ತಿದ್ದರೆ ಕಿಟ್ ನೆಚ್ಚಿಕೊಂಡು ಕೂರಬಾರದು, ನೇರ ಡಾಕ್ಟರ ಹತ್ತಿರ ಹೋಗಬೇಕು.

ಕೊನೆಗೊಂದು ಬೆಳಗ್ಗೆ ಮಾಡಿಯೇ ಬಿಟ್ಟೆ. ಮೊದಲು ಮೂತ್ರ ಮುಗಿಸಿಕೊಂಡೆ. ಕಮೋಡಿನ ನೀರು ತಾಗದ ಹಾಗೆ ಒಣ ಡಬ್ಬಿಯಲ್ಲಿ ಮಲ ಹಿಡಿದೆ. ಪುಟ್ಟ ಬಾಟಲಿಯ ಮುಚ್ಚಳಕ್ಕೇ ಒಂದು ಕಡ್ಡಿ ಇರುತ್ತದೆ, ಅದರ ತುದಿಯಲ್ಲಿ ಸಣ್ಣ ಸಣ್ಣ ಗೀರುಗಳು. ಮಲದ ಮೇಲೆ ಅಲ್ಲಲ್ಲಿ ಕೆರೆದು ಆ ಗೀರುಗಳನ್ನು ತುಂಬಿಸಿದೆ. ಅಷ್ಟೇ ಸಾಕು. ಜಾಸ್ತಿ ತುಂಬಿದರೆ ಲೆಕ್ಕ ತಪ್ಪುತ್ತದೆ. ಕಡ್ಡಿಯನ್ನು ಒಳಗೆ ತೂರಿಸಿ ಟಕ್ ಅನ್ನುವವರೆಗೆ ಒತ್ತಿದೆ. ಸೆಕೆಗೆ ರಕ್ತದ ಹಿಮೋಗ್ಲೋಬಿನ್ ಕೆಡುತ್ತದೆ ಅಂತ ಅವತ್ತೇ ಕೊಟ್ಟು ಬಂದೆ.

ಆದರೂ ಅದು ತಿರಸ್ಕಾರವಾಯಿತು. ಬಾಟಲಿ ಮೇಲೆ ದಿನಾಂಕ ಬರೆದಿರಲಿಲ್ಲ! ಇನ್ನೊಂದು ಕಿಟ್ ತರಿಸಿ ಮತ್ತೆ ಮಾಡಿದೆ.

ಮಲದಲ್ಲಿ ರಕ್ತ ಹುಡುಕುವ ಹಳೆಯ ಗ್ವಾಯಾಕ್ ಪರೀಕ್ಷೆಗೆ ಮೂರು ದಿನದ ಮಲ ಬೇಕಿತ್ತು, ಕೆಂಪು ಮಾಂಸ ಬಿಡಿ ಅನ್ನುತ್ತಿದ್ದರು. ಫಿಟ್‌ಗೆ ಪಥ್ಯವಿಲ್ಲ. ಅದು ಮನುಷ್ಯರ ರಕ್ತದ ಗ್ಲೋಬಿನ್ನನ್ನು, ಅಂದರೆ ಹಿಮೋಗ್ಲೋಬಿನ್ನಿನ ಪ್ರೋಟೀನ್ ಭಾಗವನ್ನು, ಮಾತ್ರ ಹಿಡಿಯುತ್ತದೆ. ಜಠರದಲ್ಲಿ ಒಸರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗಿಬಿಡುತ್ತದೆ. ಹಾಗಾಗಿ ಸಿಕ್ಕಿದ್ದು ಹೆಚ್ಚಾಗಿ ದೊಡ್ಡ ಕರುಳಿನ ಸುದ್ದಿಯೇ.

ಎರಡು ವರ್ಷ ನೆಗೆಟಿವ್ ಬಂತು. ಮೂರನೇ ವರ್ಷ ಪಾಸಿಟಿವ್. ಓದುತ್ತಲೇ ಕೈ ತಣ್ಣಗಾಯಿತು. ಮೂಲವ್ಯಾಧಿಯಿಂದಲೂ ಹೀಗಾಗಬಹುದು, ಪಾಸಿಟಿವ್ ಅಂದರೆ ಕ್ಯಾನ್ಸರ್ ಅಂತಲ್ಲ. ಗೊತ್ತಿದ್ದರೂ ಮನಸ್ಸು ಕೇಳಬೇಕಲ್ವಾ?

"ಇನ್ನೊಂದ್ಸಲ ಇದೇ ಟೆಸ್ಟ್ ಮಾಡಿಸ್ಲಾ ಡಾಕ್ಟ್ರೇ?" ಅಂದೆ.

"ಬೇಡಿ. ಪಾಲಿಪ್ ಅಂದ್ರೆ ಕರುಳಿನೊಳಗೆ ಬೆಳೆಯೋ ಗಂಟು, ಅದು ದಿನಾ ರಕ್ತ ಒಸರಲ್ಲ. ನಾಳೆ ನೆಗೆಟಿವ್ ಬಂದ್ರೆ ನೀವು ನಿರಾಳವಾಗಿ ಮನೇಲಿ ಕೂತ್ಬಿಡ್ತೀರಿ. ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡೋ ಕೊಲೊನೋಸ್ಕೋಪಿ ಮಾಡಿಸಿ" ಅಂದರು.

ಆ ಮಾತು ನನ್ನನ್ನು ಉಳಿಸಿತು ಅಂತಲೇ ನಾನು ನಂಬಿದ್ದೇನೆ. ಪಾಸಿಟಿವ್ ಬಂದರೂ ಕೊಲೊನೋಸ್ಕೋಪಿ ಮಾಡಿಸದೆ ಎಷ್ಟೋ ಜನ ಜಾರುವುದು ಇಲ್ಲೇ. ಅಮೆರಿಕದ ಮಿನೆಸೋಟಾದಲ್ಲಿ ನಡೆದ ದೊಡ್ಡ ಅಧ್ಯಯನದ ಫಲ 1993ರಲ್ಲಿ ಬಂತು. ವರ್ಷ ವರ್ಷ ಮಲ ಪರೀಕ್ಷೆಗೆ ಕರೆದ ಗುಂಪಿನಲ್ಲಿ ಕರುಳಿನ ಕ್ಯಾನ್ಸರ್ ಸಾವು ಶೇ. 33ರಷ್ಟು ಇಳಿದಿತ್ತು, ಅದೂ ಹಳೆಯ ಗ್ವಾಯಾಕ್‌ನಿಂದಲೇ. ಅಲ್ಲೂ ಪಾಸಿಟಿವ್ ಬಂದವರಿಗೆ ಮುಂದಿನ ಹೆಜ್ಜೆ ಕೊಲೊನೋಸ್ಕೋಪಿಯೇ ಆಗಿತ್ತು.

ಹಿಂದಿನ ರಾತ್ರಿ ಭೇದಿ ಔಷಧಿ ಕುಡಿದು ಕರುಳು ಖಾಲಿ ಮಾಡಿಕೊಳ್ಳುವುದೇ ಕಷ್ಟ. ಪರೀಕ್ಷೆ ಮಂಪರಿನಲ್ಲಿ ಮುಗಿಯಿತು. ಒಂದು ಪಾಲಿಪ್ ಸಿಕ್ಕಿತು, ಅಲ್ಲೇ ಕತ್ತರಿಸಿ ತೆಗೆದರು. ಲ್ಯಾಬ್ ವರದಿಯಲ್ಲಿ ಅಡಿನೋಮಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟು, ಅಂತ ಇತ್ತು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಇಂಥವು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷದ ಮೇಲೆಯೇ ಹಿಡಿಯುತ್ತದೆ, ಎಲ್ಲವೂ ಆಗುವುದೂ ಇಲ್ಲ.

ನನಗೀಗ ಕಿಟ್ ಇಲ್ಲ, ಡಾಕ್ಟರ್ ಹೇಳಿದ ವರ್ಷಕ್ಕೆ ಮತ್ತೆ ಕೊಲೊನೋಸ್ಕೋಪಿ. ನಿನ್ನೆ ನನ್ನ ಹೆಂಡತಿಯ ಕಿಟ್ ಬಂತು. ಕಪಾಟಿಗೆ ಹೋಗಲು ಬಿಡಲಿಲ್ಲ. ಬಚ್ಚಲುಮನೆ ಕಿಟಕಿಯಲ್ಲಿ ಇಟ್ಟಿದ್ದೇನೆ, ಪಕ್ಕದಲ್ಲೊಂದು ಪೆನ್ನು.