ಖಜಾನೆ ತುಂಬಿದ ವರ್ಷದ ಬಜೆಟ್ ಓದುವುದು ಹೇಗೆ?

ಕೆಲವು ವರ್ಷ ಸರ್ಕಾರಕ್ಕೆ ಎಣಿಸಿದ್ದಕ್ಕಿಂತ ಜಾಸ್ತಿ ದುಡ್ಡು ಬರುತ್ತದೆ. ಕೂಡಲೇ ತೆರಿಗೆ ಇಳಿಕೆ, ಹೊಸ ಪಿಂಚಣಿ, ಹೊಸ ಭತ್ಯೆ ಎಲ್ಲ ಘೋಷಣೆಯಾಗುತ್ತವೆ. ಅವು ಉಳಿಯುತ್ತವಾ ಅಂತ ನೀವೇ ಲೆಕ್ಕ ಹಾಕಬಹುದು.

ಮೊದಲು ದುಡ್ಡು ಎಲ್ಲಿಂದ ಬಂತು ಅಂತ ನೋಡಿ. ವರಮಾನದ ಪಟ್ಟಿಯಲ್ಲಿ ಒಂದೊಂದು ತೆರಿಗೆಗೂ ಒಂದೊಂದು ಸಾಲು ಇರುತ್ತದೆ, ಐದಾರು ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಸಂಬಳದ ಮೇಲಿನ ತೆರಿಗೆ, ದಿನಬಳಕೆ ಖರೀದಿಯ ತೆರಿಗೆ ನಿಧಾನವಾಗಿ ಏರಿದ್ದರೆ ಅದನ್ನು ಬಹುಮಟ್ಟಿಗೆ ನೆಚ್ಚಬಹುದು. ಕಚ್ಚಾ ತೈಲ, ಅದಿರು, ಮುದ್ರಾಂಕ ಶುಲ್ಕ, ಷೇರು ಲಾಭ, ಇವುಗಳಲ್ಲಿ ಒಂದೇ ಸಾಲು ದಿಢೀರ್ ಏರಿದ್ದರೆ ಹುಷಾರು. ಬೆಲೆ ಬಿದ್ದರೆ ಆ ದುಡ್ಡೂ ಹೋಯಿತು.

ಆಮೇಲೆ ಖರ್ಚಿಗೆ ಬನ್ನಿ. ಪ್ರತಿ ಘೋಷಣೆಯ ಪಕ್ಕ 'ಒಂದು ಸಲ' ಅಥವಾ 'ಪ್ರತಿ ವರ್ಷ' ಅಂತ ಬರೆಯಿರಿ. ಹಳೆ ಸಾಲ ತೀರಿಸುವುದು ಒಂದು ಸಲದ್ದು. ಆಸ್ಪತ್ರೆ ಕಟ್ಟುವುದೂ ಹಾಗೇ, ಆದರೆ ಅಲ್ಲಿನ ಡಾಕ್ಟರು, ನರ್ಸುಗಳ ಸಂಬಳ ಪ್ರತಿ ವರ್ಷದ್ದು. ತೆರಿಗೆ ದರ ಇಳಿಸಿದ್ದನ್ನು ಯಾರೂ ಖರ್ಚು ಅಂತ ಬರೆದುಕೊಳ್ಳುವುದಿಲ್ಲ, ನೀವು ಬರೆದುಕೊಳ್ಳಿ, ಯಾಕೆಂದರೆ ಅದೂ ಪ್ರತಿ ವರ್ಷ ಖಜಾನೆಗೆ ಬರಬೇಕಾದ ದುಡ್ಡನ್ನು ಬಿಟ್ಟುಕೊಟ್ಟಂತೆಯೇ.

ಐರ್ಲೆಂಡ್‌ನಲ್ಲಿ ಏನಾಯಿತು ನೋಡಿ. 2001ರಲ್ಲಿ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಉಚಿತ ಚಿಕಿತ್ಸೆಯ ಮೆಡಿಕಲ್ ಕಾರ್ಡ್ ಸಿಕ್ಕಿತು. ಮುಂದೆ ಮನೆಗಳ ಬೆಲೆ ಏರಿ ಮುದ್ರಾಂಕ ಶುಲ್ಕ ಹರಿದುಬಂತು, ಆದಾಯ ತೆರಿಗೆಯೂ ಸಡಿಲವಾಯಿತು. ಮನೆ ಮಾರುಕಟ್ಟೆ ಕುಸಿದ ಮೇಲೆ, 2008ರ ಅಕ್ಟೋಬರ್ ಬಜೆಟ್‌ನಲ್ಲಿ, ಸರ್ಕಾರ ಆ ಕಾರ್ಡಿಗೆ ಆದಾಯ ಮಿತಿ ಹಾಕಲು ಹೊರಟಿತು. ಸಾವಿರಾರು ವೃದ್ಧರು ಡಬ್ಲಿನ್‌ನಲ್ಲಿ ಸಂಸತ್ತಿನ ಮುಂದೆ ಬಂದು ನಿಂತರು. ಮಿತಿಯನ್ನು ಸಡಿಲಿಸಿದರು ನಿಜ, ಆದರೆ 'ಎಲ್ಲರಿಗೂ' ಅನ್ನುವುದು ಹೋಯಿತು. ಬ್ಯಾಂಕುಗಳೂ ಮುಳುಗಿ 2010ರಲ್ಲಿ ದೇಶ 85 ಬಿಲಿಯನ್ ಯೂರೋ ನೆರವಿನ ಒಪ್ಪಂದಕ್ಕೆ ಕೈಚಾಚಬೇಕಾಯಿತು. ವೃದ್ಧರಿಗೆ ಚಿಕಿತ್ಸೆ ಕೊಟ್ಟದ್ದು ತಪ್ಪಲ್ಲ. ಖಾಯಂ ವರಮಾನ ಇಲ್ಲದೆ ಖಾಯಂ ಮಾತು ಕೊಟ್ಟು, ಜನ ಅದನ್ನೇ ನಂಬಿ ಬದುಕು ಕಟ್ಟಿಕೊಂಡ ಮೇಲೆ ಕಿತ್ತುಕೊಳ್ಳುವುದು ಅನ್ಯಾಯ ಅಲ್ವಾ?

ಮೂರನೆಯದು, ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ? ತಾಮ್ರದಿಂದ ಸರ್ಕಾರಕ್ಕೆ ದೊಡ್ಡ ವರಮಾನ ಬರುವ ಚಿಲಿಯಲ್ಲಿ 2001ರಿಂದ ಖರ್ಚು ನಿಗದಿ ಮಾಡುವಾಗ ಆ ವರ್ಷದ ತಾಮ್ರದ ಬೆಲೆ ನೋಡುತ್ತಿರಲಿಲ್ಲ, ತಜ್ಞರು ಅಂದಾಜಿಸಿದ ದೀರ್ಘಕಾಲದ ಬೆಲೆ ನೋಡುತ್ತಿದ್ದರು. ಬೆಲೆ ಏರಿದಾಗ ಬಂದ ಹೆಚ್ಚಿನ ದುಡ್ಡನ್ನು ಹಾಗೆ ಕೂಡಿಟ್ಟಿದ್ದರಿಂದಲೇ 2009ರ ಹಿಂಜರಿತದಲ್ಲಿ ಬಡ ಕುಟುಂಬಗಳಿಗೆ ನಗದು ಕೊಡುವ ತಾಕತ್ತು ಇತ್ತು. ನಾರ್ವೆ ತೈಲದ ದುಡ್ಡನ್ನು ನಿಧಿಗೆ ಹಾಕಿ, ಸರಾಸರಿಯಾಗಿ ವರ್ಷಕ್ಕೆ ನಿಧಿಯ ಸುಮಾರು 3%ರಷ್ಟನ್ನೇ ಬಳಸುವ ನಿಯಮ ಇಟ್ಟುಕೊಂಡಿದೆ. ನಿಮ್ಮ ಬಜೆಟ್‌ನಲ್ಲಿ ಇಂಥ ನಿಯಮ ಇದೆಯಾ, ಸುಮ್ನೆ ಹುಡುಕಿ ನೋಡಿ.

ಕೊನೆಗೆ, ವರಮಾನದ ಪಟ್ಟಿಯಲ್ಲಿ ದಿಢೀರ್ ಏರಿದ ಆ ಸಾಲಿನ ಅಂಕಿಯನ್ನು ಅರ್ಧಕ್ಕೆ ಇಳಿಸಿ, 'ಪ್ರತಿ ವರ್ಷ' ಅಂತ ಬರೆದ ಖರ್ಚುಗಳನ್ನೆಲ್ಲ ಕೂಡಿ. ವರಮಾನ ಸಾಲದಿದ್ದರೆ ಯಾವ ಯೋಜನೆಗೆ ಮೊದಲು ಕತ್ತರಿ ಬೀಳುತ್ತದೆ ಅಂತ ನಿಮ್ಮ ಶಾಸಕರನ್ನೋ ಸಂಸದರನ್ನೋ ಬರವಣಿಗೆಯಲ್ಲೇ ಕೇಳಿ, ಬಜೆಟ್ ಪಾಸಾಗುವ ಮುಂಚೆ.