ಸೆಲ್ಫ್ ತಿರುಗುತ್ತದೆ, ಗಾಡಿ ಸ್ಟಾರ್ಟ್ ಆಗುವುದಿಲ್ಲ

ಆರು ವಾರ ಮೂಲೆಯಲ್ಲಿ ನಿಂತಿದ್ದ ಬೈಕನ್ನು ಹೊರಗೆಳೆದು ಸೆಲ್ಫ್ ಒತ್ತಿದೆ. ಎಂಜಿನ್ ಲವಲವಿಕೆಯಿಂದಲೇ ತಿರುಗಿತು, ಆದರೆ ಸ್ಟಾರ್ಟ್ ಆಗಲಿಲ್ಲ. ಚೋಕ್ ಎಳೆದು ಮತ್ತೆ ಒತ್ತಿದೆ. ಕಿಕ್ ಹೊಡೆದೆ, ಹದಿನೈದು, ಇಪ್ಪತ್ತು, ಆಮೇಲೆ ಎಣಿಕೆ ತಪ್ಪಿತು. ನಡುವೆ ಒಮ್ಮೆ ಸೈಲೆನ್ಸರ್ ‘ಫುಸ್’ ಎಂದಿತು, ಅಷ್ಟೇ. 150 ಸಿಸಿಯ ಹಳೆಯ ಗಾಡಿ, ಗಾಳಿಗೆ ಪೆಟ್ರೋಲ್ ಬೆರೆಸಿಕೊಡುವ ಕಾರ್ಬುರೇಟರ್ ಇರುವಂಥದ್ದು. ನಿಲ್ಲಿಸುವ ಮುನ್ನ ನೀರಿನ ಪೈಪ್ ಹಿಡಿದು ಚೆನ್ನಾಗಿ ತೊಳೆದು, ಒರೆಸಿ, ಹೊದಿಕೆ ಹಾಕಿದ್ದೆ. ಅಷ್ಟು ಮುತುವರ್ಜಿ ವಹಿಸಿದ ಮೇಲೂ ಹೀಗಾಯಿತಲ್ಲ ಎಂದು ಸಿಟ್ಟು ಬಂದಿತ್ತು. ಆ ಮುತುವರ್ಜಿಯೇ ಕಾರಣ ಎಂದು ಆಗ ತಿಳಿದಿರಲಿಲ್ಲ.

ಮೊದಲು ನೋಡಬೇಕಾದುದನ್ನು ಮೊದಲೇ ನೋಡಿದೆ ಎಂಬ ಒಂದು ಸಮಾಧಾನ ನನಗಿದೆ. ಕಿಲ್ ಸ್ವಿಚ್ ಸರಿಯಾದ ಕಡೆಗಿತ್ತು. ಕೆಲವು ಗಾಡಿಗಳಲ್ಲಿ ಅದು ಆಫ್ ಇದ್ದರೂ ಸೆಲ್ಫ್ ತಿರುಗುತ್ತದೆ, ಕಿಡಿ ಮಾತ್ರ ಬರುವುದಿಲ್ಲ. ಸ್ನೇಹಿತನೊಬ್ಬನ ಗಾಡಿ ‘ಕೆಟ್ಟಿದೆ’ ಎಂದು ಸ್ಪ್ಯಾನರ್ ಸೆಟ್ಟು ಹೊತ್ತುಕೊಂಡು ಹೋಗಿ, ಹೆಬ್ಬೆರಳಿನಲ್ಲಿ ಆ ಸ್ವಿಚ್ ತಳ್ಳಿ ವಾಪಸ್ ಬಂದವನು ನಾನು. ಪೆಟ್ರೋಲ್ ಕಾಕ್ ತೆರೆದಿತ್ತು, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಇತ್ತು.

ಆಮೇಲೆ ಮಾಡಿದ್ದೆಲ್ಲ ತಪ್ಪು. ‘ಬಹಳ ದಿನ ನಿಂತ ಗಾಡಿ ಎಂದರೆ ಜೆಟ್ ಕಟ್ಟಿಕೊಂಡಿರುತ್ತದೆ’ ಎಂಬ ಮಾತು ತಲೆಯಲ್ಲಿ ಕುಳಿತಿತ್ತು. ಸುಳ್ಳು ಮಾತಲ್ಲ ಅದು. ಪೆಟ್ರೋಲ್ ಆರಿ ಅಂಟಾಗಿ, ಕಾರ್ಬುರೇಟರಿನೊಳಗೆ ಪೆಟ್ರೋಲ್ ಹಾಯುವ ಪೈಲಟ್ ಜೆಟ್‌ನ ಸೂಜಿಗಣ್ಣಿನಂಥ ರಂಧ್ರ ಮುಚ್ಚಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಕಾರ್ಬುರೇಟರ್ ಬಿಚ್ಚುವುದಕ್ಕೆ ಮುಂಚೆ ಅದರ ತಳದ ಡ್ರೈನ್ ಸ್ಕ್ರೂ ಎರಡು ಸುತ್ತು ಸಡಿಲಿಸಿ, ಪೆಟ್ರೋಲ್ ಬರುತ್ತದೆಯೇ, ಬಂದದ್ದರ ತಳದಲ್ಲಿ ನೀರಿನ ಗುಳ್ಳೆ ನಿಲ್ಲುತ್ತದೆಯೇ ಎಂದು ಗಾಜಿನ ಶೀಶೆಯಲ್ಲಿ ಹಿಡಿದು ನೋಡಬಹುದಿತ್ತು. ಎರಡು ನಿಮಿಷದ ಕೆಲಸ. ನಾನು ಸೀಟು ತೆಗೆದೆ, ಟ್ಯಾಂಕ್ ತೆಗೆದೆ, ಏರ್ ಫಿಲ್ಟರಿನ ರಬ್ಬರ್ ಕೊಳವೆಯೊಂದಿಗೆ ಗುದ್ದಾಡಿ ಕಾರ್ಬುರೇಟರ್ ಹೊರತೆಗೆದೆ. ಜೆಟ್ಟುಗಳನ್ನು ಬೆಳಕಿಗೆ ಹಿಡಿದರೆ ರಂಧ್ರಗಳು ಚೊಕ್ಕವಾಗಿದ್ದವು. ಆದರೂ ತೊಳೆದು ಜೋಡಿಸಿದೆ. ಒಂದೂವರೆ ದಿನ ಹೋಯಿತು. ಸೆಲ್ಫ್ ಒತ್ತಿದರೆ ಮತ್ತದೇ ಹಾಡು.

ಆಗ ಸಿಲಿಂಡರಿನೊಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಎಲ್ಲಕ್ಕಿಂತ ಮೊದಲು ಬಿಚ್ಚಬೇಕಾಗಿದ್ದುದು ಅದನ್ನೇ.

ತುದಿ ತೊಪ್ಪೆಯಾಗಿ ಒದ್ದೆಯಾಗಿತ್ತು. ಮೂಗಿಗೆ ಹಿಡಿದರೆ ಪೆಟ್ರೋಲಿನ ಘಾಟು. ಅಂದರೆ ನಾನು ಒಂದೂವರೆ ದಿನ ಹುಡುಕಿದ ತೊಂದರೆ ಇರಲೇ ಇಲ್ಲ. ಪೆಟ್ರೋಲ್ ಸಿಲಿಂಡರಿನ ತನಕ ತಲುಪುತ್ತಲೇ ಇತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಅಷ್ಟು ಕಿಕ್ ಹೊಡೆದ ಮೇಲೂ ಪ್ಲಗ್ ಒಣಗಿದ್ದಿದ್ದರೆ ಕಾಕ್, ಫಿಲ್ಟರ್, ಫ್ಲೋಟ್, ಜೆಟ್ ಎಂದು ಹುಡುಕುವುದಕ್ಕೆ ಅರ್ಥವಿರುತ್ತಿತ್ತು. ಕಾರ್ಬುರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯಾದರೆ ಕೀ ತಿರುಗಿಸಿದ ಕೂಡಲೇ ಟ್ಯಾಂಕಿನೊಳಗಿನ ಪಂಪು ಎರಡು ಮೂರು ಸೆಕೆಂಡು ಗುಂಯ್‌ಗುಡುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಒದ್ದೆ ಪ್ಲಗ್ ಬೇರೆ ದಾರಿ ತೋರಿಸುತ್ತದೆ: ಕಿಡಿ ಇಲ್ಲ, ಅಥವಾ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಒತ್ತುವ ಬಲ) ಇಲ್ಲ.

ಪ್ಲಗ್ ಹೊರಗಿದ್ದಾಗಲೇ ಕಂಪ್ರೆಷನ್ ನೋಡಿದೆ. ಕಿಲ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕೂರುವ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಕೈಯಲ್ಲೇ ನಿಧಾನವಾಗಿ ಕಿಕ್ ಒತ್ತಿದೆ. ಬೆರಳನ್ನು ಎಬ್ಬಿಸಿಕೊಂಡು ಗಾಳಿ ‘ಪುಸಕ್’ ಎಂದು ಹೊರಬಂತು. ಇದು ಅಂದಾಜಿನ ಪರೀಕ್ಷೆ, ಮೀಟರ್ ಹಾಕಿ ನೋಡಿದ ಹಾಗಲ್ಲ. ಆದರೂ ವಾಲ್ವ್ ಸಿಕ್ಕಿಕೊಂಡ ಎಂಜಿನ್ ಹಾಗೆ ಬೆರಳು ಎಬ್ಬಿಸುವುದಿಲ್ಲ.

ಉಳಿದದ್ದು ಕಿಡಿ. ಹೊಸ ಪ್ಲಗ್ಗನ್ನು ವಯರಿನ ತುದಿಯ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್‌ಗೆ ಭದ್ರವಾಗಿ ತಾಗುವಂತೆ ಇಟ್ಟೆ. ತೆರೆದ ರಂಧ್ರದಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ. ಆದ್ದರಿಂದ ರಂಧ್ರಕ್ಕೆ ಬಟ್ಟೆ ತುರುಕಿ, ಪ್ಲಗ್ಗನ್ನು ದೂರ ಸರಿಸಿದ್ದೆ. ಕ್ಯಾಪನ್ನು ಪ್ಲಗ್ ಇಲ್ಲದೆ ಗಾಳಿಯಲ್ಲಿ ನೇತಾಡಲು ಬಿಟ್ಟು ಸೆಲ್ಫ್ ಒತ್ತಲೂ ಬಾರದು; ಹೋಗಲು ದಾರಿ ಸಿಗದ ವೋಲ್ಟೇಜ್, ಕಿಡಿಗಾಗಿ ವೋಲ್ಟೇಜ್ ಏರಿಸುವ ಕಾಯಿಲ್ಲನ್ನೋ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯಾದ ಸಿಡಿಐಯನ್ನೋ ಹಾಳುಮಾಡಬಹುದು. ನೆರಳಲ್ಲಿ ಬಗ್ಗಿ ನೋಡಿದೆ. ಕಿಡಿ ಇತ್ತು. ಆದರೆ ಎಂಥ ಕಿಡಿ! ಕಿತ್ತಳೆ ಬಣ್ಣದ, ಕೂದಲೆಳೆಯಷ್ಟು ತೆಳ್ಳಗಿನ ಗೆರೆ, ನಾಲ್ಕು ಸಲಕ್ಕೊಮ್ಮೆ ತಪ್ಪುತ್ತಿತ್ತು.

ಇಲ್ಲಿ ಮೋಸ ಹೋಗುವುದು ಸುಲಭ. ‘ಕಿಡಿ ಬರುತ್ತಿದೆ, ಸರಿಯಿದೆ’ ಎಂದು ಮತ್ತೆ ಕಾರ್ಬುರೇಟರ್ ಕಡೆಗೇ ತಿರುಗುವವರನ್ನು ನೋಡಿದ್ದೇನೆ. ತೆರೆದ ಗಾಳಿಯಲ್ಲಿ ಪ್ಲಗ್ ತುದಿಯ ಮುಕ್ಕಾಲು ಮಿಲಿಮೀಟರ್ ಸಂದು ದಾಟುವುದು ಕಿಡಿಗೆ ಕಷ್ಟವಲ್ಲ. ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತಿ ದಟ್ಟಗೊಳಿಸಿದಾಗ ಅದೇ ಸಂದು ದಾಟಲು ಹಲವು ಪಟ್ಟು ಹೆಚ್ಚು ವೋಲ್ಟೇಜ್ ಬೇಕು. ಹೊರಗೆ ಕುಂಟುವ ಕಿಡಿ ಒಳಗೆ ಹುಟ್ಟುವುದೇ ಇಲ್ಲ. ಸರ್ವೀಸ್ ಕೈಪಿಡಿಗಳು ಸಂದನ್ನು 6ರಿಂದ 8 ಮಿ.ಮೀ. ಅಗಲಿಸಿದ ಪರೀಕ್ಷಕದಲ್ಲಿ ಕಿಡಿ ಹಾರಬೇಕು ಎನ್ನುವುದು ಇದೇ ಕಾರಣಕ್ಕೆ.

ಹೊಸ ಪ್ಲಗ್‌ನಲ್ಲೂ ಅದೇ ಕಿಡಿ ಎಂದಮೇಲೆ ದೋಷ ಪ್ಲಗ್‌ಗಿಂತ ಹಿಂದೆ ಇದೆ. ಹಿಂದಿನ ದಿನವಿಡೀ ತಿರುಗಿಸಿ ಸುಸ್ತಾಗಿಸಿದ್ದ ಬ್ಯಾಟರಿಯನ್ನು ರಾತ್ರಿ ಚಾರ್ಜಿಗೆ ಹಾಕಿದ್ದೆ. ಮಲ್ಟಿಮೀಟರ್ ಹಿಡಿದು ಸೆಲ್ಫ್ ಒತ್ತಿದಾಗ 12.5 ವೋಲ್ಟ್ ಇದ್ದದ್ದು 10.8ಕ್ಕೆ ಇಳಿದು ನಿಂತಿತು. ಹತ್ತಕ್ಕಿಂತ ಕೆಳಗೆ ಕುಸಿದಿದ್ದರೆ ಬ್ಯಾಟರಿಯನ್ನೇ ಅನುಮಾನಿಸುತ್ತಿದ್ದೆ, ಯಾಕೆಂದರೆ ಬ್ಯಾಟರಿಯಿಂದ ನಡೆಯುವ ಇಗ್ನಿಷನ್‌ಗೆ ಮೋಟಾರ್ ತಿಂದು ಉಳಿಸಿದ್ದಷ್ಟೇ ಸಿಗುತ್ತದೆ.

ಸಿಡಿಐ ಹೋಗಿದೆ ಎಂದು ಮನಸ್ಸು ಕೂಗುತ್ತಿತ್ತು. ಕಾಣದ್ದನ್ನು ಬೈಯುವುದು ಸುಲಭವಲ್ಲವೇ. ಆದರೆ ಸಿಡಿಐ ಬದಲಿಸುವ ಮುನ್ನ ಸುಲಭದ ಕೊನೆಯಿಂದ ಶುರುಮಾಡೋಣ ಎಂದು ಪ್ಲಗ್ ಕ್ಯಾಪನ್ನು ತಿರುಗಿಸಿ ವಯರಿನಿಂದ ಬಿಡಿಸಿದೆ. ಒಳಗೊಂದು ಪುಟ್ಟ ರೆಸಿಸ್ಟರ್ ಇರುತ್ತದೆ. ನನ್ನದರ ಮೈಮೇಲೆ 5 ಕಿಲೋಓಮ್ ಎಂದು ಅಚ್ಚಾಗಿತ್ತು. ಮೀಟರಿನ ಎರಡು ಕಡ್ಡಿಗಳನ್ನು ಎರಡೂ ತುದಿಗೆ ಇಟ್ಟರೆ ಏನೂ ತೋರಿಸಲಿಲ್ಲ. ಗಟ್ಟಿಯಾಗಿ ಒತ್ತಿದರೆ 30, ಆಮೇಲೆ 18, ಮತ್ತೆ ಏನೂ ಇಲ್ಲ. ವಯರಿನ ತುದಿಯನ್ನು ನೋಡಿದೆ. ಕೆಂಪಗೆ ಹೊಳೆಯಬೇಕಿದ್ದ ತಾಮ್ರದ ಎಳೆಗಳು ಹಸಿರು ಪುಡಿಯಾಗಿ ಉದುರುತ್ತಿದ್ದವು. ಪೈಪಿನ ನೀರು ಕ್ಯಾಪಿನ ಬಿರುಕಿನಲ್ಲಿ ಹೊಕ್ಕು, ಹೊದಿಕೆಯ ಕೆಳಗೆ ಆರು ವಾರ ಬೆಚ್ಚಗೆ ಕುಳಿತು ಕೆಲಸ ಮಾಡಿತ್ತು.

ವಯರ್ ಕತ್ತರಿಸುವ ಮುನ್ನ ಅದು ಪ್ಲಗ್‌ವರೆಗೆ ಸಲೀಸಾಗಿ ಬರುತ್ತದೆಯೇ ಎಂದು ಎಳೆದು ನೋಡಿಕೊಂಡೆ. ಕೆಲವು ಗಾಡಿಗಳಲ್ಲಿ ಈ ವಯರ್ ಕಾಯಿಲ್‌ಗೇ ಅಂಟಿಕೊಂಡಿರುತ್ತದೆ, ಮೋಟಾಗಿ ಕತ್ತರಿಸಿದರೆ ಕಾಯಿಲ್ಲೇ ಬದಲಾಗಬೇಕು. ಆರು ಮಿಲಿಮೀಟರ್ ಕತ್ತರಿಸಿದಾಗ ಶುದ್ಧ ತಾಮ್ರ ಕಾಣಿಸಿತು. ಹೊಸ ಕ್ಯಾಪಿನ ಒಳಗಿನ ಸ್ಕ್ರೂ ವಯರಿನ ನಟ್ಟನಡುವೆ ಕಚ್ಚುವ ಹಾಗೆ ತಿರುಗಿಸಿದೆ. ಅದು ಅಂಚಿಗೆ ಹೋದರೆ ತಿರುಗಿಸಿದ್ದು ವ್ಯರ್ಥ. ಮತ್ತೆ ಪ್ಲಗ್ ಇಟ್ಟು ಸೆಲ್ಫ್ ಒತ್ತಿದೆ. ಈ ಸಲ ಕಿಡಿ ನೀಲಿಯಾಗಿತ್ತು, ದಪ್ಪವಾಗಿತ್ತು, ‘ಟಕ್ ಟಕ್’ ಎಂದು ಕಿವಿಗೂ ಕೇಳಿಸಿತು.

ಹಾಗೆಂದು ಕೂಡಲೇ ಪ್ಲಗ್ ಬಿಗಿದು ಒತ್ತಲಿಲ್ಲ. ಸಿಲಿಂಡರ್ ಪೆಟ್ರೋಲಿನಲ್ಲಿ ಮಿಂದಿತ್ತು. ಹೊಸ ಪ್ಲಗ್ಗೂ ಕ್ಷಣದಲ್ಲಿ ಒದ್ದೆಯಾಗುತ್ತಿತ್ತು. ಕಾಕ್ ಮುಚ್ಚಿ, ಚೋಕ್ ಬಿಟ್ಟು, ಕಿಲ್ ಸ್ವಿಚ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಹತ್ತು ಹನ್ನೆರಡು ಕಿಕ್ ತುಳಿದೆ. ರಂಧ್ರದಿಂದ ಮಂಜಿನಂತೆ ಆವಿ ಹಾರಿತು. ಹದಿನೈದು ನಿಮಿಷ ಹಾಗೇ ಬಿಟ್ಟು, ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರಿನಲ್ಲಿ ಬಿಗಿದೆ. ಕಾಕ್ ತೆರೆದು, ಕಿಲ್ ಸ್ವಿಚ್ ಆನ್ ಮಾಡಿ ಸೆಲ್ಫ್ ಒತ್ತಿದೆ. ಮೂರನೇ ಸುತ್ತಿಗೆ ಹಿಡಿಯಿತು, ಕೆಮ್ಮಿತು, ಬಿಳಿ ಹೊಗೆ ಉಗುಳಿತು, ಆಮೇಲೆ ಹದವಾಗಿ ಓಡತೊಡಗಿತು.

ಗೆದ್ದೆ ಎಂದುಕೊಂಡು ಬಗ್ಗಿ ನೋಡಿದರೆ ಕಾರ್ಬುರೇಟರ್ ಬಟ್ಟಲಿನ ಅಂಚಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಎಂಜಿನ್ ಆಫ್ ಮಾಡಿ ಕಾಕ್ ಮುಚ್ಚಿದೆ. ಬಿಚ್ಚುವ ಅಗತ್ಯವೇ ಇಲ್ಲದ ಕಾರ್ಬುರೇಟರನ್ನು ಬಿಚ್ಚಿ ಜೋಡಿಸುವಾಗ ಬಟ್ಟಲಿನ ರಬ್ಬರ್ ರಿಂಗನ್ನು ಅದರ ತೋಡಿನಿಂದ ಹೊರಳಿಸಿ ಕೂರಿಸಿದ್ದೆ. ಸೀಟು, ಟ್ಯಾಂಕ್ ಮತ್ತೆ ಕೆಳಗಿಳಿದವು.