ಮಿನಿಟ್ಸ್ ಪುಸ್ತಕಕ್ಕೆ ಸಹಿ ಹಾಕುವ ಮೊದಲು

ನಾನು ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಿಯಾದವನು. ಮೂರು ತಿಂಗಳು ತೋಟದಲ್ಲಿ ಸುತ್ತಾಡಿ ಬೇಜಾರಾಗುವ ಹೊತ್ತಿಗೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಮಕ್ಕಳ ಆಶ್ರಮದವರು ಮನೆಗೆ ಬಂದರು. "ಮಾಷ್ಟ್ರೇ, ಆಡಳಿತ ಮಂಡಳಿಗೆ ನಿಮ್ಮ ಹೆಸರು ಬೇಕಿತ್ತು, ಕೆಲಸ ಏನೂ ಇಲ್ಲ, ಮೀಟಿಂಗಿಗೆ ಬಂದರೆ ಸಾಕು" ಅಂದರು. ಕೆಲಸ ಇಲ್ಲ ಅಂದದ್ದೇ ನನಗೆ ಹಿಡಿಸಿತು, ಸುಳ್ಳು ಯಾಕೆ ಹೇಳಲಿ.

ಮೊದಲ ಮೀಟಿಂಗಿನಲ್ಲಿ ಚಹಾ, ಗೋಳಿಬಜೆಯ ಜೊತೆ ಮಿನಿಟ್ಸ್ ಪುಸ್ತಕವೂ ಬಂತು. ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗುರುತು. ಚರ್ಚೆ ಶುರುವಾಗುವ ಮೊದಲೇ ನಿರ್ಣಯ ಬರೆದಾಗಿತ್ತು! ಎಲ್ಲರೂ ಹಾಕಿದರು, ನಾನೂ ಹಾಕಿದೆ. ಎರಡನೇ ಸಲವೂ ಹಾಗೇ. ಮೂರನೇ ಸಲ ಯಾಕೋ ಕನ್ನಡಕ ತೆಗೆದು ಓದಿದೆ. ದಾನಿಯೊಬ್ಬರ ಮಗನ ಹುಟ್ಟುಹಬ್ಬ ಮಕ್ಕಳ ಜೊತೆ ಮಾಡುವುದು, ಫೋಟೋ ಪೇಪರಿಗೆ ಕೊಡುವುದು ಅಂತ ಇತ್ತು.

ಅಷ್ಟರಲ್ಲಿ ನಾನು 2015ರ ಬಾಲನ್ಯಾಯ ಕಾಯ್ದೆಯನ್ನು ಸ್ವಲ್ಪ ಓದಿಕೊಂಡಿದ್ದೆ. ಅದರ 74ನೇ ಸೆಕ್ಷನ್ ಪ್ರಕಾರ ಇಂಥ ಮಕ್ಕಳ ಗುರುತು ಸಿಗುವ ಹಾಗೆ ಹೆಸರು, ಫೋಟೋ ಹೊರಗೆ ಹಾಕುವ ಹಾಗಿಲ್ಲ, ಹಾಕಿದರೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಹೇಳಿದೆ. ಕಾರ್ಯದರ್ಶಿಗೆ ಸಿಟ್ಟು ಬಂತು, "ಮಾಷ್ಟ್ರೇ, ಇದು ಕ್ಲಾಸಲ್ಲ" ಅಂದರು. ದಾನಿಗೆ ಕೇಕು ತನ್ನಿ, ಮೊಬೈಲು ಮಾತ್ರ ಆಫೀಸಿನಲ್ಲಿಡಿ ಅಂತ ತಿಳಿಸಿದೆವು. ಅವರು ಬರಲೇ ಇಲ್ಲ. ಆ ತಿಂಗಳ ಅಕ್ಕಿಯ ದುಡ್ಡು ನಾವೇ ಹಾಕಬೇಕಾಯಿತು, ಅದರಲ್ಲಿ ಕಾರ್ಯದರ್ಶಿಯದ್ದೇ ಜಾಸ್ತಿ ಅನ್ನುವುದನ್ನೂ ಹೇಳಬೇಕಲ್ವಾ.

ಲೆಕ್ಕಪತ್ರ, ಆಡಿಟ್ ಎಲ್ಲ ಖಜಾಂಚಿ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ನನಗೆ ತಲೆಬಿಸಿ ಮಾಡಿದ್ದು ಒಂದು ತಗಡಿನ ಡಬ್ಬ.

ಮಕ್ಕಳು ದೂರು, ಸಲಹೆ ಬರೆದು ಹಾಕಲು ಪ್ರತಿ ಸಂಸ್ಥೆಯಲ್ಲೂ ಒಂದು ಪೆಟ್ಟಿಗೆ ಬೇಕು. ಅದು ಆಫೀಸಿನಿಂದ ದೂರ, ಮಕ್ಕಳು ಮಲಗುವ ಕೋಣೆಯ ಹತ್ತಿರ ಇರಬೇಕು, ಕೀಲಿ ಮ್ಯಾನೇಜ್‌ಮೆಂಟ್ ಕಮಿಟಿ (ನಮ್ಮ ಆಡಳಿತ ಮಂಡಳಿಯಲ್ಲ, ಸರಕಾರಿ ಅಧಿಕಾರಿ ಅಧ್ಯಕ್ಷರಾಗಿರುವ ಬೇರೆ ಸಮಿತಿ) ಅಧ್ಯಕ್ಷರ ಕೈಯಲ್ಲಿರಬೇಕು ಅಂತ ಅದೇ ಕಾಯ್ದೆಯ 2016ರ ಮಾದರಿ ನಿಯಮದಲ್ಲಿದೆ. ನಮ್ಮದು ವಾರ್ಡನ್ ಕುರ್ಚಿಯ ತಲೆಮೇಲೆ, ಗಡಿಯಾರದ ಪಕ್ಕ ನೇತಾಡುತ್ತಿತ್ತು. ಕೀಲಿ ವಾರ್ಡನ್ ಮೇಜಿನ ಡ್ರಾಯರಿನಲ್ಲಿ. ಒಳಗೆ ಒಂದು ಸತ್ತ ಜಿರಳೆ ಬಿಟ್ಟರೆ ಏನೂ ಇರಲಿಲ್ಲ. ಮಕ್ಕಳಿಗೆ ದೂರೇ ಇಲ್ಲ ಅಂತ ಎಲ್ಲರೂ ಖುಷಿಯಾಗಿದ್ದರು ಮಾರಾಯ್ರೇ!

ಮಲಗುವ ಕೋಣೆಯ ಹೊರಗೆ, ಮಕ್ಕಳ ಕೈಗೆಟಕುವಷ್ಟು ಎತ್ತರದಲ್ಲಿ ಹೊಡೆಸಿ, ಕೀಲಿಯನ್ನು ಇರಬೇಕಾದ ಕಡೆ ಕಳಿಸಿದೆವು. ಮೊದಲ ವಾರ ಬರೇ ಬೆಕ್ಕಿನ ಚಿತ್ರ. ಆಮೇಲೆ ಚೀಟಿಗಳು, ಕೆಲವು ಮಲಯಾಳದಲ್ಲಿ, ಕೆಲವು ಕನ್ನಡದಲ್ಲಿ. ಬಚ್ಚಲಿನ ಲೈಟು ಹೋಗಿದೆ. ರಾತ್ರಿ ಚಪಾತಿ ಬೇಡ, ಗಂಜಿ ಕೊಡಿ. ಒಂದರಲ್ಲಿ, ಗೀಟು ಹಾಕಿದ ನೋಟ್‌ಬುಕ್ಕಿನ ಹಾಳೆಯಲ್ಲಿ, ಹೀಗಿತ್ತು: "ಅಮ್ಮನಿಗೆ ಫೋನ್ ಮಾಡುವಾಗ ಮಲಯಾಳದಲ್ಲಿ ಮಾತಾಡು ಅಂತಾರೆ. ಅಮ್ಮನಿಗೆ ಮಲಯಾಳ ಬರುವುದಿಲ್ಲ."

ವಾರ್ಡನನ್ನು ಕೇಳಿದೆ. ಅವರು ತೆಂಕಲಾಗಿನವರು, ಅಂದರೆ ಕೇರಳದ ದಕ್ಷಿಣದ ಕಡೆಯವರು, ಕನ್ನಡ ಬರುವುದಿಲ್ಲ. ಮಕ್ಕಳು ಫೋನಿನಲ್ಲಿ ಏನು ಮಾತಾಡುತ್ತಾರೆ ಅಂತ ತನಗೆ ತಿಳಿಯಬೇಕಲ್ಲ ಅಂದರು, ಅದೂ ಸುಮ್ನೆ ತಳ್ಳಿಹಾಕುವ ಮಾತಲ್ಲ. ಮುಂದಿನ ಮೀಟಿಂಗಿನಲ್ಲಿ ಇಡೀ ಒಂದು ಗಂಟೆ ಇದೇ ಆಯಿತು. ಈಗ ಭಾನುವಾರ ಫೋನಿನ ಹೊತ್ತಿಗೆ ಅಡುಗೆಯ ಅಕ್ಕ ಪಕ್ಕದಲ್ಲಿ ಕೂತಿರುತ್ತಾರೆ. ಅವರಿಗೆ ಕನ್ನಡ, ತುಳು, ಮಲಯಾಳ ಮೂರೂ ಬರುತ್ತದೆ.